ಮೊಳೆ, ದಾರ ಮತ್ತು 8 ಅಡಿ ಆಳದ ಸುಳ್ಳು ಕೋಣೆ

ಪ್ರೊಜೆಕ್ಟರ್ ಇಲ್ಲದೆ 14 ಅಡಿ ಎತ್ತರದ ಗೋಡೆಗೆ ಪರ್ಸ್‌ಪೆಕ್ಟಿವ್, ಅಂದರೆ ಚಪ್ಪಟೆ ಗೋಡೆಯಲ್ಲಿ ಆಳ ಕಾಣಿಸುವ ಗೆರೆ, ಎಳೆಯೋದು ಆಗದ ಮಾತು ಅಂತ ನನಗೆ ಹೇಳಿದವರು ತುಂಬಾ ಜನ. ಅವರಲ್ಲಿ ಕೆಲವರು ಈಗ ಬಂದು ಗೋಡೆ ಮುಟ್ಟಿ ನೋಡಿ ಹೋಗಿದ್ದಾರೆ. ಒಬ್ಬರಂತೂ ಒಳಗೆ ಗೂಡು ಇದೆ ಅಂತ ಕೈ ಚಾಚಿದರು. ಅದಕ್ಕೇ ಬರೆಯುತ್ತಿದ್ದೇನೆ.

ಸಣ್ಣ ಚರ್ಚು. ಬಲಗಡೆ ಗೋಡೆಯಲ್ಲಿ 9 ಅಡಿ ಅಗಲದ ಖಾಲಿ ಜಾಗ. ಅಲ್ಲಿ ಶಿಲುಬೆ, ಎರಡು ಪಕ್ಕದಲ್ಲಿ ಮರಿಯಮ್ಮ ಮತ್ತು ಯೋಹಾನ, ಹಿಂದೆ ಕಮಾನಿನ ಕೋಣೆ ಬರಬೇಕು. ದುಡ್ಡು ಕೊಡುವ ಮನೆಯವರು ಫ್ಲಾರೆನ್ಸ್‌ಗೆ ಹೋಗಿ ಸಾಂತ ಮರಿಯ ನೊವೆಲ್ಲ ಚರ್ಚಿನಲ್ಲಿ ಹಳೇ ಇಟಲಿಯ ಚಿತ್ರಕಾರ ಮಸಾಚೊ ಗೋಡೆಗೆ ಬರೆದ ‘ತ್ರಿತ್ವ’ ನೋಡಿ ಬಂದಿದ್ದರು. ‘ಗೋಡೆ ತೂತು ಬಿದ್ದ ಹಾಗೆ ಕಾಣಬೇಕು’ ಅಂದರು. ಒಪ್ಪಿದ್ದು 90 ಸಾವಿರದ ಆಸುಪಾಸಿಗೆ.

ಮೊದಲು ಎಲ್ಲರ ಹಾಗೆ, ಫೋಟೊ ಗೋಡೆಗೆ ಬಿಟ್ಟು ಅದರ ಮೇಲೆ ಗೆರೆ ಎಳೆಯಲು ಪ್ರೊಜೆಕ್ಟರ್ ತಂದೆ. ದಿನಕ್ಕೆ 1500 ಬಾಡಿಗೆ. ಕಂಬ ಅಡ್ಡ ಬರೋದರಿಂದ 10 ಅಡಿಗಿಂತ ಹಿಂದೆ ಸರಿಯುವಂತಿಲ್ಲ. ಮೇಲಕ್ಕೆ ಓರೆ ಮಾಡಿದರೆ ಕಮಾನು ಬೀಸಣಿಗೆಯಂತೆ ಅಗಲವಾಗುತ್ತೆ. ಅದನ್ನು ಬಟನ್ ಒತ್ತಿ ಸರಿ ಮಾಡಿದರೆ ಗೆರೆ ಹೆಬ್ಬೆರಳಿನಷ್ಟು ದಪ್ಪ. ಹಾಗೂ ಹೀಗೂ ಬರೆದು ಮುಗಿಸಿದ ಮೇಲೆ ನೋಡಿದರೆ ಕೋಣೆ ಮುಂದಕ್ಕೆ ಬೀಳೋ ಹಾಗಿತ್ತು. ಫೋಟೊ ತೆಗೆದವನ ಕಣ್ಣು ಎಲ್ಲಿತ್ತೋ, ನಮ್ಮ ಚರ್ಚಿನಲ್ಲಿ ನಿಲ್ಲುವವರ ಕಣ್ಣು ಅಲ್ಲಿರಲಿಲ್ಲ. ಎರಡು ಕೋಟ್ ಬಿಳಿ ಬಳಿದು ಅಳಿಸಿದೆವು. ಬಣ್ಣ, ಸಾರುವೆ ಬಾಡಿಗೆ, ಹುಡುಗರ ಕೂಲಿ ಸೇರಿ 18 ಸಾವಿರದಷ್ಟು ಹೋಯಿತು. ಸಾರುವೆಗೆ ಕೆಲಸ ನಡೆದರೂ ಬಾಡಿಗೆ, ನಿಂತರೂ ಬಾಡಿಗೆ. ಗೊತ್ತಲ್ವಾ?

ಆಗ ಮಸಾಚೊ ಏನು ಮಾಡಿದ್ದ ಅಂತ ಮತ್ತೆ ನೋಡಿದೆ. ಆ ಚಿತ್ರ 1427ರ ಸುಮಾರಿನದು. ಎತ್ತರ 6.67 ಮೀಟರ್, ಅಗಲ 3 ಮೀಟರ್‌ಗೆ ಚೂರು ಜಾಸ್ತಿ. ಗೆರೆಗಳು ಬಂದು ಸೇರುವ ಜಾಗ ಶಿಲುಬೆಯ ಬುಡದ ಹತ್ತಿರ, ನಿಂತವರ ಕಣ್ಣಿನ ಮಟ್ಟಕ್ಕೆ. ಗಾರೆಯಲ್ಲಿ ಗೀರಿದ ಗೆರೆ, ಕೈವಾರದ ಕಮಾನು ಇವತ್ತಿಗೂ ಕಾಣುತ್ತವೆ. ಮರಿಯಮ್ಮನ ಮುಖದ ಮೇಲೆ ಚೌಕದ ಗೀಟುಗಳೂ ಇವೆ. ಅಂದರೆ ಲೆಕ್ಕ ನಡೆದದ್ದು ಗೋಡೆಯ ಮೇಲೇ. ಆ ಚಿತ್ರದ ಪಾಡೂ ಪಾಠವೇ. ಮುಂದಿನ ಶತಮಾನದ ಚಿತ್ರಕಾರ ವಸಾರಿ ಅದರ ಮುಂದೆ ಆಲ್ಟರ್ ಕಟ್ಟಿಸಿ ಮುಚ್ಚಿಬಿಟ್ಟಿದ್ದ. 1860ರ ದಶಕದಲ್ಲಿ ಮೇಲಿನ ಭಾಗ ಮಾತ್ರ ಕಿತ್ತು ಬಾಗಿಲ ಕಡೆಯ ಗೋಡೆಗೆ ಸಾಗಿಸಿದರು. ಕೆಳಗೆ ಬರೆದಿದ್ದ ಅಸ್ಥಿಪಂಜರದ ಚಿತ್ರ ಹಳೇ ಜಾಗದಲ್ಲೇ ಉಳಿಯಿತು. ಎರಡೂ ಮತ್ತೆ ಸೇರಿದ್ದು 1952ರಲ್ಲಿ. ಅಷ್ಟು ವರ್ಷ ಆ ಕಮಾನು ತನ್ನ ಎತ್ತರ ಕಳೆದುಕೊಂಡು ನಿಂತಿತ್ತು.

ಹಾಗಾಗಿ ನಾನು ಚಿತ್ರದ ಯೋಚನೆ ಬಿಟ್ಟು ಕಣ್ಣಿನ ಎತ್ತರಕ್ಕೆ ತಲೆ ಕೆಡಿಸಿಕೊಂಡೆ. ಚರ್ಚಿನಲ್ಲಿ ಜನ ನಿಲ್ಲುತ್ತಾರೆ, ಕೂರುತ್ತಾರೆ, ಮೊಣಕಾಲೂರುತ್ತಾರೆ. ಮೂರಕ್ಕೂ ಹೊಂದುವ ಬಿಂದು ಇಲ್ಲ. ಹೋಗಿ ಬರುವವರೆಲ್ಲ ಆ ಗೋಡೆಯ ಎದುರು ನಿಂತೇ ನೋಡೋದು. 5 ಅಡಿ ಅಂತ ಹಿಡಿದೆ. ದೂರ 12 ಅಡಿ, ನಡುವಿನ ಓಡಾಟದ ಜಾಗದಿಂದ ಗೋಡೆಗೆ ಅಷ್ಟೇ ಇರೋದು. ಈ ಎರಡು ಅಂಕಿ ಬಿಟ್ಟರೆ ಉಳಿದದ್ದೆಲ್ಲ ದಾರವೇ ಹೇಳುತ್ತೆ.

ಗೋಡೆಯಲ್ಲಿ 5 ಅಡಿಗೆ ಒಂದು ಮೊಳೆ, ಒಳಕ್ಕೆ ಹೋಗುವ ಗೆರೆಗಳೆಲ್ಲ ಸೇರುವ ಜಾಗ. ನೆಲದ ಚೌಕಗಳು ಹಿಂದೆ ಹೋದಂತೆ ಎಷ್ಟು ಕುಗ್ಗಬೇಕು ಅಂತ ತಿಳಿಯಲು ಇನ್ನೊಂದು ಪಕ್ಕದ ಬಿಂದು, ಅದೇ ಮಟ್ಟದಲ್ಲಿ 12 ಅಡಿ ದೂರಕ್ಕೆ ಬೇಕು. ಆದರೆ ಅಲ್ಲಿ ಕಂಬ, ಕಿಟಕಿ. ‘ಅಣ್ಣಾ, ಇದು ಕಾಗದದಲ್ಲಿ ಮಾತ್ರ ಆಗೋ ಕೆಲಸ’ ಅಂತ ನಮ್ಮ ಹುಡುಗ ನಕ್ಕ. ಚಿತ್ರಕಲೆಯ ಬಗ್ಗೆ ಪುಸ್ತಕ ಬರೆದ ಇಟಲಿಯ ಆಲ್ಬೆರ್ತಿ 1435ರಲ್ಲಿ ಹೇಳಿಟ್ಟ ದಾರಿ ಹಿಡಿದೆ. ಕಣ್ಣು, ಗೋಡೆ, ಕೋಣೆ ಮೂರನ್ನೂ ಪಕ್ಕದಿಂದ ಕಂಡ ಹಾಗೆ ಬೇರೆ ಕಡೆ ಬರೆದು, ಅಲ್ಲಿ ಸಿಕ್ಕ ಗುರುತುಗಳನ್ನು ಚಿತ್ರಕ್ಕೆ ತರೋದು. ಅವನು ಹೇಳಿದ್ದು ಚಿಕ್ಕ ಹಾಳೆಗೆ. ನಾನು ಚರ್ಚಿನ ಹಿಂದಿನ ಅಂಗಳದಲ್ಲಿ ನಿಜ ಅಳತೆಗೇ ಮಾಡಿದೆ. ನೆಲಕ್ಕೆ 12 ಅಡಿ ದೂರದಲ್ಲಿ ಒಂದು ಕೋಲು ನೆಟ್ಟು, 5 ಅಡಿಗೆ ಮೊಳೆ. ಅದು ನೋಡುವವನ ಕಣ್ಣು. ಗೋಡೆ ಇರಬೇಕಾದ ಜಾಗದಲ್ಲಿ ಪ್ಲೈವುಡ್ ಪಟ್ಟಿ ನೆಟ್ಟಗೆ ನಿಲ್ಲಿಸಿದೆ. ಪಟ್ಟಿಯ ಆಚೆ ಪ್ರತಿ 2 ಅಡಿಗೆ ಒಂದು ಗೂಟ. ಕಣ್ಣಿನ ಮೊಳೆಯಿಂದ ಗೂಟದ ಬುಡಕ್ಕೆ ದಾರ ಎಳೆದರೆ ಅದು ಪಟ್ಟಿಯನ್ನು ಎಲ್ಲಿ ದಾಟುತ್ತೋ ಅದೇ ಗುರುತು. ನೆಲದ ಚೌಕಗಳ ಮೊದಲ ಸಾಲು ಎಂಟೂವರೆ ಇಂಚಿನಷ್ಟು ಬಂತು. ಆಮೇಲೆ ಆರೂವರೆ ಹತ್ತಿರ, 5, 4. ನಾಲ್ಕು ಸಾಲು ಸೇರಿ 2 ಅಡಿ. ಹಿಂದಿನ ಗೋಡೆ ಅಲ್ಲಿಂದ ಶುರು. ಪಟ್ಟಿ ಹೊತ್ತು ಒಳಗೆ ತಂದು ಗೋಡೆಗೆ ಇಟ್ಟೆವು. ಮುಗೀತು. ದಾರಕ್ಕೆ 60 ರೂಪಾಯಿ, ಪಟ್ಟಿ ಹಳೇ ಕೆಲಸದ ಮಿಕ್ಕಿದ ಚೂರು.

ಇಲ್ಲೊಂದು ಪಕ್ಕದಾರಿ. ಪ್ರತಿ ಸಾಲನ್ನು ಹಿಂದಿನದರ ಮೂರರಲ್ಲಿ ಎರಡು ಪಾಲು ಮಾಡ್ತಾ ಹೋಗೋ ಹಳೇ ಲೆಕ್ಕ ಇದೆಯಲ್ಲ, ಆಲ್ಬೆರ್ತಿ ಬೈದದ್ದು? ಅದನ್ನೂ ರಟ್ಟಿನ ಮೇಲೆ ಮಾಡಿ ನೋಡಿದೆ. ಎಂಟೂವರೆ ಆದ ಮೇಲೆ ಆರಕ್ಕಿಂತ ಕಡಿಮೆ, ಆಮೇಲೆ ನಾಲ್ಕರ ಒಳಗೆ. ಚೌಕಗಳ ಮೂಲೆಯಿಂದ ಮೂಲೆಗೆ ದಾರ ಹಿಡಿದರೆ ಬಾಗುತ್ತೆ. ನನ್ನ ಪಟ್ಟಿಯ ಗುರುತಿಗೆ ದಾರ ನೆಟ್ಟಗೆ ನಿಂತಿತು. ಈ ಪರೀಕ್ಷೆಯೂ ಆಲ್ಬೆರ್ತಿಯದೇ. ನಕ್ಕ ಹುಡುಗನ ಕೈಯಲ್ಲೇ ದಾರ ಹಿಡಿಸಿದೆ.

ಕಮಾನಿಗೆ ಎಲ್ಲರೂ ಹೆದರುತ್ತಾರೆ. ಸುಮ್ನೆ. ಗೋಡೆಗೆ ಎದುರಾಗಿರುವ ಅರ್ಧವೃತ್ತ ಎಷ್ಟು ಹಿಂದೆ ಹೋದರೂ ಅರ್ಧವೃತ್ತವೇ. ಕೇಂದ್ರ ಇಳಿಯುತ್ತೆ, ಅಳತೆ ಕುಗ್ಗುತ್ತೆ, ಅಷ್ಟೇ. ನನ್ನದರಲ್ಲಿ ಮುಂದಿನ ಕಮಾನು 9 ಅಡಿ ಎತ್ತರದಲ್ಲಿ ಶುರು, ಕೇಂದ್ರದಿಂದ 4 ಅಡಿ. ಕೊನೆಯದು ಏಳೂವರೆಯ ಹತ್ತಿರ, ಎರಡೂವರೆಗೆ ಸ್ವಲ್ಪ ಕಡಿಮೆ. ಕೇಂದ್ರಗಳೆಲ್ಲ ಮೊಳೆಗೆ ಹೋಗುವ ಒಂದೇ ಗೆರೆಯ ಮೇಲೆ ಕೂರುತ್ತವೆ. ಕಮಾನಿನ ಒಳಮೈಗೆ ಅಡ್ಡಕ್ಕೆ ಮಸಾಚೊನ ಹಾಗೆ 8 ಚೌಕ ಗೂಡು, ನಡುನಡುವೆ ಪಟ್ಟಿ. ಸಮಸಂಖ್ಯೆ ಆದ್ದರಿಂದ ಕಮಾನಿನ ನೆತ್ತಿಯಲ್ಲಿ ಪಟ್ಟಿ ಬರುತ್ತೆ, ಗೂಡಲ್ಲ. 7 ಮಾಡಿ ನೋಡಿದೆ, ಶಿಲುಬೆಯ ತಲೆಯ ಮೇಲೆ ಕಪ್ಪು ಚೌಕ ಕೂತು ಅಸಹ್ಯವಾಯಿತು.

ಬಣ್ಣ ಹಚ್ಚಿದ ದಾರ ಗೋಡೆಗೆ ಬಡಿದರೆ ಗೆರೆ ಬೀಳುತ್ತೆ. ದಾರಕ್ಕೆ ಮೊದಲು ಬಟ್ಟೆಗೆ ಹಾಕುವ ನೀಲಿ ಬಳಸಿದೆವು. ಮೇಲೆ ಬಿಳಿ ಬಳಿದರೆ ನೀಲಿ ಎದ್ದು ಬಂತು. ಒಂದು ಭಾಗ ಮತ್ತೆ ಮಾಡಬೇಕಾಯಿತು, ಮೂರು ಸಾವಿರ ಅದಕ್ಕೆ. ಆಮೇಲೆ ಕೆಮ್ಮಣ್ಣು. ಇಟಲಿಯವರೂ ಗಾರೆಯ ಅಡಿಯ ಚಿತ್ರ ಬಿಡಿಸುತ್ತಿದ್ದದ್ದು ಕೆಂಪು ಮಣ್ಣಿನಲ್ಲೇ. ಅದಕ್ಕೆ ಏನು ಬೆರೆಸಿದರೆ ದಾರ ಒಂದೇ ಏಟಿಗೆ ಕೂದಲೆಳೆಯಷ್ಟು ಗೆರೆ ಬಿಡುತ್ತೆ ಅನ್ನೋದು ನನ್ನ ಹೊಟ್ಟೆಪಾಡು, ಹೇಳೋದಿಲ್ಲ. ಮೊಳೆ ಸುತ್ತ ಗಾರೆ ಉದುರದಂತೆ ಮಾಡೋದೂ ಅಷ್ಟೇ.

ಆಕೃತಿಗಳಿಗೆ ಒಂದೇ ನಿಯಮ. ನಿಂತವರ ಕಣ್ಣು 5 ಅಡಿಯ ಗೆರೆಯಲ್ಲಿ. ಹಿಂದೆ ಹೋದಷ್ಟೂ ಪಾದ ಮೇಲೇರುತ್ತೆ, ತಲೆ ಅಲ್ಲೇ. ಫ್ಲಾರೆನ್ಸ್‌ನ ಬ್ರಾಂಕಾಚಿ ಚಾಪೆಲ್‌ನಲ್ಲಿ ಮಸಾಚೊ ಬರೆದ ತೆರಿಗೆ ಹಣದ ಚಿತ್ರ ನೋಡಿ, ನಿಂತ ಶಿಷ್ಯರ ತಲೆಗಳೆಲ್ಲ ಒಂದೇ ಸಾಲು. ಶಿಲುಬೆ ಗೋಡೆಯಿಂದ 4 ಅಡಿ ಹಿಂದೆ ಇರುವ ಲೆಕ್ಕ, ಆದ್ದರಿಂದ ಯೇಸು ಮುಕ್ಕಾಲು ಅಳತೆ. ಅವನನ್ನು ಮಾತ್ರ ಕೆಳಗಿನಿಂದ ನೋಡಿದ ಹಾಗೆ ಬರೆಯಲಿಲ್ಲ. ಮಸಾಚೊ ಕೂಡ ದೇವರನ್ನೂ ಯೇಸುವನ್ನೂ ನೇರ ಎದುರಿನಿಂದಲೇ ಬರೆದ. ಲೆಕ್ಕದ ಪ್ರಕಾರ ಹೋದರೆ ಗಲ್ಲದ ಅಡಿ, ಮೂಗಿನ ಹೊಳ್ಳೆ ಕಾಣುತ್ತೆ. ಪ್ರಾರ್ಥನೆ ಮಾಡುವವರಿಗೆ ಅದು ಬೇಕಾ?

ಲೆಕ್ಕಕ್ಕೆ ಮೋಸ ಮಾಡೋದು ದೊಡ್ಡವರಿಗೆ ಹೊಸದಲ್ಲ. ಇಟಲಿಯ ಮಾಂತೆಗ್ನ, ಮಲಗಿದ ಹೆಣವನ್ನು ಪಾದದ ಕಡೆಯಿಂದ ಕಂಡ ಹಾಗೆ ಬರೆದ ‘ಸತ್ತ ಕ್ರಿಸ್ತ’ ಚಿತ್ರವನ್ನು ಪರೀಕ್ಷೆ ಮಾಡೋಣ ಅಂತ ತಂಗಿಯ ಮಗನನ್ನು ಚಾಪೆಯ ಮೇಲೆ ಮಲಗಿಸಿ ಪಾದದ ಕಡೆಯಿಂದ ಫೋಟೊ ತೆಗೆದೆ. ಪಾದವೇ ಫೋಟೊ ತುಂಬಾ, ಮುಖ ನಿಂಬೆಹಣ್ಣಿನಷ್ಟು. ಮಾಂತೆಗ್ನ ಪಾದ ಕುಗ್ಗಿಸಿ ತಲೆ ದೊಡ್ಡದು ಮಾಡಿದ್ದಾನೆ. ಲಿಯೊನಾರ್ದೊನ ಕೊನೆಯ ಭೋಜನದಲ್ಲೂ ಯೇಸುವಿನ ಹಣೆಯ ಪಕ್ಕದಲ್ಲಿ, ಗೆರೆಗಳು ಸೇರುವ ಕಡೆ, ಮೊಳೆಯ ತೂತು ಇದೆ. ಆದರೆ ಆ ಮೊಳೆ ಊಟದ ಹಾಲಿನಲ್ಲಿ ನಿಂತವರ ಕಣ್ಣಿಗಿಂತ ತುಂಬಾ ಮೇಲೆ. ಅವನಿಗೆ ಕೋಣೆ ಮುಂದುವರಿಯೋದಕ್ಕಿಂತ ಯೇಸುವಿನ ಮುಖಕ್ಕೆ ಎಲ್ಲ ಗೆರೆ ಓಡೋದು ಮುಖ್ಯವಾಗಿತ್ತು ಅಂತ ನನಗನ್ನಿಸುತ್ತೆ.

ನಡುವೆ ದುಡ್ಡು ಕೊಟ್ಟವರು ತಮ್ಮ ಅಮ್ಮನನ್ನೂ ಚಿತ್ರದಲ್ಲಿ ಸೇರಿಸಿ ಅಂದರು. ಫಾದರ್ ಮುಖ ಗಂಟಿಕ್ಕಿದರು. ಮಸಾಚೊನ ಚಿತ್ರದಲ್ಲಿ ದಾನಿಗಳಿಬ್ಬರು ಕಂಬಗಳ ಹೊರಗೆ, ನಮ್ಮ ಕಡೆಯೇ ಮೊಣಕಾಲೂರಿದ್ದಾರೆ ಅಂತ ತೋರಿಸಿದೆ. ಹೊರಗೆ ಎಡಗಡೆ ಅಮ್ಮ ಬಂದರು. ಅದಕ್ಕೆ ಬೇರೆ 8 ಸಾವಿರ. ಎಲ್ಲ ಕಳೆದು ಕೈಗೆ ಉಳಿದದ್ದು 30 ಸಾವಿರದ ಮೇಲೆ ಚೂರು.

ಒಂದು ತೊಂದರೆ ಇನ್ನೂ ಇದೆ. ಬಾಗಿಲಿಂದ ಓರೆಯಾಗಿ ನೋಡಿದರೆ ಕೋಣೆ ವಾಲುತ್ತೆ. ರೋಮಿನ ಸಾಂತಿನ್ಯಾಸಿಯೊ ಚರ್ಚಿನಲ್ಲಿ ಚಿತ್ರಕಾರ ಪೊಜ್ಜೊ ಬರೆದ ಛಾವಣಿ ನೋಡಲು ಎಲ್ಲಿ ನಿಲ್ಲಬೇಕು ಅಂತ ನೆಲದಲ್ಲಿ ಅಮೃತಶಿಲೆಯ ಬಿಲ್ಲೆ ಹಾಕಿದ್ದಾರೆ. ನಾನೂ ಬೇರೆ ಬಣ್ಣದ ಟೈಲ್ಸ್ ಒಂದು ಹಾಕಿಸಿ ಅಂದೆ. ಫಾದರ್ ಒಪ್ಪಲಿಲ್ಲ, ಆದರೆ ಆ ಜಾಗದ ಎರಡು ಬೆಂಚು ತೆಗೆಸಿದರು. ಜನ ತಾವಾಗೇ ಅಲ್ಲಿ ನಿಲ್ಲುತ್ತಾರೆ. ಈಗ ಛಾವಣಿಗೂ ಏನಾದರೂ ಮಾಡಿಕೊಡಿ ಅಂತ ಕೇಳಿದ್ದಾರೆ. ಎರಡು ಲಕ್ಷ ಹೇಳಿದ್ದೇನೆ, ಸಾರುವೆ ಬಾಡಿಗೆ ಅವರದು.