ಪೋಸ್ಟ್‌ಫಿಕ್ಸ್‌ನಲ್ಲಿ ಎಲ್ಲಿ ಬಿಗಿ, ಎಲ್ಲಿ ಸಡಿಲ

ಬದಿಯಡ್ಕದ ಬಳಿಯ ಅಡಿಕೆ ಬೆಳೆಗಾರರ ಸಂಘವೊಂದರ ಇಮೇಲ್ ಸರ್ವರನ್ನು ನೋಡಿಕೊಳ್ಳುತ್ತೇನೆ. ಅದು ನಡೆಯುವುದು ಪೋಸ್ಟ್‌ಫಿಕ್ಸ್ ಎಂಬ ತಂತ್ರಾಂಶದಿಂದ. ಪೆರ್ಲದ ಖರೀದಿ ಕೇಂದ್ರದಿಂದ ಸಂಜೆ ಹೊತ್ತಿಗೆ ಇಮೇಲಿನಲ್ಲಿ ಲೆಕ್ಕ ಬರುತ್ತದೆ: ಹೊಸ ಅಡಿಕೆ ಎಷ್ಟು ಮೂಟೆ, ಪಟೋರ ಎಷ್ಟು, ಕೋಕ ಎಷ್ಟು (ಇವು ಅಡಿಕೆಯ ದರ್ಜೆಗಳು). ಪೋಸ್ಟ್‌ಫಿಕ್ಸನ್ನು 3.9ಕ್ಕೆ ಏರಿಸಿದ ದಿನ ಅದು ಬರಲಿಲ್ಲ. ಲಾಗ್‌ನಲ್ಲಿ ‘ಟೈಮ್‌ಔಟ್ ಆಫ್ಟರ್ ಡೇಟಾ’ ಎಂದಿತ್ತು, ಅಂದರೆ ಪತ್ರ ಮುಗಿಯಲೆಂದು ಕಾದು ಸಮಯ ಮೀರಿತ್ತು.

ನಿಯಮದ ಪ್ರಕಾರ ಪ್ರತಿ ಸಾಲಿನ ಕೊನೆಯಲ್ಲಿ ಸಿಆರ್, ಎಲ್ಎಫ್ ಎಂಬ, ಕಣ್ಣಿಗೆ ಕಾಣದ ಎರಡೂ ಚಿಹ್ನೆಗಳಿರಬೇಕು. ಒಂಟಿ ಚುಕ್ಕೆಯ ಸಾಲು ಬಂದರೆ ಪತ್ರ ಮುಗಿಯಿತೆಂದು ಅರ್ಥ. ಪೆರ್ಲದ ಹಳೆಯ ತಂತ್ರಾಂಶ ಬರೀ ಎಲ್ಎಫ್ ಕಳಿಸುತ್ತಿತ್ತು. ಹೊಸ ಪೋಸ್ಟ್‌ಫಿಕ್ಸ್ ಅದನ್ನು ಮುಕ್ತಾಯವೆಂದು ಒಪ್ಪದೆ ಕಾಯುತ್ತಲೇ ಇತ್ತು.

ಕಳಿಸುವಾಗ ಕಟ್ಟುನಿಟ್ಟು, ಸ್ವೀಕರಿಸುವಾಗ ಉದಾರ ಎಂಬ ಸೂತ್ರವನ್ನು ಅಂತರ್ಜಾಲದ ನಿಯಮಗಳನ್ನು ರೂಪಿಸಿದವರಲ್ಲೊಬ್ಬರಾದ ಜಾನ್ ಪೋಸ್ಟೆಲ್ 1980ರಲ್ಲಿ ಟಿಸಿಪಿ ಎಂಬ ಸಂವಹನ ನಿಯಮದ ದಾಖಲೆಯಲ್ಲಿ ಬರೆದರು. ಇಮೇಲ್ ಊರೂರಿಗೆ ಹಬ್ಬಿದ್ದರಲ್ಲಿ ಆ ಔದಾರ್ಯದ ಪಾಲು ದೊಡ್ಡದು. ಆದರೆ ಮುಕ್ತಾಯದ ಗುರುತಿನಲ್ಲಿ ಮಾತ್ರ ಅದು ಸಲ್ಲದು. ಕಳಿಸುವ ಸರ್ವರ್ ಬರಿಯ ಸಾಲೆಂದುಕೊಂಡದ್ದನ್ನು ನಮ್ಮ ಸರ್ವರ್ ಪತ್ರದ ಕೊನೆ ಎಂದುಕೊಂಡರೆ, ಉಳಿದ ಭಾಗ ಇನ್ನೊಬ್ಬರ ಹೆಸರಿನ ಎರಡನೆಯ ಪತ್ರವಾಗಿ ಒಳಗೆ ನುಗ್ಗುತ್ತದೆ. ಎಸ್‌ಪಿಎಫ್ (ಆ ಹೆಸರಲ್ಲಿ ಕಳಿಸುವ ಹಕ್ಕು ಕಳಿಸಿದ ಸರ್ವರಿಗೆ ಇದೆಯೇ ಎಂಬ) ಪರೀಕ್ಷೆಯಲ್ಲೂ ಪಾರಾಗುತ್ತದೆ. ಎಸ್‌ಎಂಟಿಪಿ ಸ್ಮಗ್ಲಿಂಗ್ (ಮೊದಲ ಪದ ಇಮೇಲ್ ಸಾಗಿಸುವ ನಿಯಮದ ಹೆಸರು) ಎಂಬ ಈ ದಾಳಿ ಬಯಲಾದದ್ದು 2023ರ ಡಿಸೆಂಬರ್‌ನಲ್ಲಿ.

ಹಾಗಾಗಿ ಬರೀ ಎಲ್ಎಫ್ ತಡೆಯುವ ಸೆಟ್ಟಿಂಗ್ ಆದ ‘ಎಸ್‌ಎಂಟಿಪಿಡಿ_ಫರ್ಬಿಡ್_ಬೇರ್_ನ್ಯೂಲೈನ್’ ಅನ್ನು ‘ನೋ’ ಮಾಡಬೇಡಿ. ಎಲ್ಲರೂ ಮೊದಲು ಕೈ ಹಾಕುವುದು ಅಲ್ಲಿಗೇ. ನಾನೂ ಆ ರಾತ್ರಿ ಅದನ್ನೇ ಮಾಡಿ, ಬೆಳಿಗ್ಗೆ ತಿದ್ದಿದೆ. ಅದು ‘ನಾರ್ಮಲೈಸ್’ ಆಗಿಯೇ ಇರಲಿ. ಆಗ ಬರೀ ಎಲ್ಎಫ್ ಇರುವ ಸಾಲು ನಡೆಯುತ್ತದೆ, ಮುಕ್ತಾಯದ ಗುರುತಿಗೆ ಮಾತ್ರ ಎರಡೂ ಚಿಹ್ನೆ ಬೇಕು. ಆ ಸೆಟ್ಟಿಂಗಿನ ಹೆಸರಿನ ಕೊನೆಗೆ ‘_ಎಕ್ಸ್‌ಕ್ಲೂಶನ್ಸ್’ ಸೇರಿಸಿದರೆ ವಿನಾಯಿತಿಯ ಪಟ್ಟಿ ಸಿಗುತ್ತದೆ. ನಂಬಿಕೆಯ ಕೇಂದ್ರದ ಸ್ಥಿರ ಐಪಿ ವಿಳಾಸವನ್ನು ಮಾತ್ರ ಅಲ್ಲಿ ಬರೆಯಿರಿ. ಪಟ್ಟಿಯಲ್ಲಿ ಮೊದಲೇ ಇರುವ, ನಮ್ಮದೇ ಜಾಲದ ವಿಳಾಸಗಳನ್ನು ಸೂಚಿಸುವ ‘ಮೈನೆಟ್‌ವರ್ಕ್ಸ್’ ಅಳಿಸಿಹೋಗದಂತೆ ನೋಡಿಕೊಳ್ಳಿ. ಆಮೇಲೆ ಪೋಸ್ಟ್‌ಫಿಕ್ಸನ್ನು ರೀಲೋಡ್ ಮಾಡಿ, ಒಂದು ಪತ್ರ ಕಳಿಸಿ ನೋಡಿ.

ಕಳಿಸುವ ಯಂತ್ರ ತನ್ನನ್ನು ಪರಿಚಯಿಸಿಕೊಳ್ಳುವ ಹೆಲೋ ಹೆಸರಿನ ವಿಷಯದಲ್ಲಿ ಆತುರ ಬೇಡ. ಚುಕ್ಕೆಯಿಲ್ಲದ ಹೆಸರು ಹೇಳುವ ಸಾಧುಯಂತ್ರಗಳು ಬೇಕಾದಷ್ಟಿವೆ. ‘ರಿಜೆಕ್ಟ್_ನಾನ್_ಎಫ್‌ಕ್ಯೂಡಿಎನ್_ಹೆಲೋ_ಹೋಸ್ಟ್‌ನೇಮ್’ ಎಂಬ, ಅಂಥವನ್ನು ತಿರಸ್ಕರಿಸುವ ನಿಯಮಕ್ಕೆ ಮೊದಲು ‘ವಾರ್ನ್_ಇಫ್_ರಿಜೆಕ್ಟ್’ ಬರೆದರೆ ಪತ್ರ ಒಳಗೆ ಬರುತ್ತದೆ, ಲಾಗ್‌ನಲ್ಲಿ ಎಚ್ಚರಿಕೆ ಮಾತ್ರ ಬೀಳುತ್ತದೆ. ವಾರವೆರಡು ವಾರ ಆ ಸಾಲುಗಳನ್ನು ಓದಿ, ನಿಮ್ಮವರು ಯಾರೂ ಸಿಕ್ಕಿಬೀಳುವುದಿಲ್ಲ ಎಂದಾದ ಮೇಲೆ ಬಿಗಿ ಮಾಡಿ.

‘ಸ್ಟ್ರಿಕ್ಟ್_7ಬಿಟ್_ಹೆಡರ್ಸ್’ ಎಂಬ, ವಿಷಯದ ಸಾಲಿನಂಥ ತಲೆಸಾಲುಗಳಲ್ಲಿ ಇಂಗ್ಲಿಷೇತರ ಅಕ್ಷರಗಳಿದ್ದರೆ ಪತ್ರವನ್ನೇ ತಿರಸ್ಕರಿಸುವ ಸೆಟ್ಟಿಂಗನ್ನು ಕನ್ನಡಿಗರು ಮುಟ್ಟಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪೆರ್ಲದ ಪತ್ರದ ವಿಷಯದ ಸಾಲಿನಲ್ಲಿ ‘ಇಂದಿನ ಅಡಿಕೆ’ ಎಂದು ಕನ್ನಡ ಅಕ್ಷರಗಳೇ ನೇರವಾಗಿ ಇರುತ್ತವೆ. ಹಳೆಯ ನಿಯಮ ಅವನ್ನು ಸಂಕೇತಕ್ಕೆ ಬದಲಾಯಿಸಬೇಕೆನ್ನುತ್ತದೆ, ನಿಜ. ಆದರೆ ಅವುಗಳಿಂದ ಯಾವ ಕಳ್ಳನೂ ಒಳಗೆ ಬರುವುದಿಲ್ಲ. ಈ ಬಿಗಿಯಿಂದ ವಾಪಸ್ ಹೋಗುವುದು ನಮ್ಮ ಭಾಷೆಯ ಪತ್ರಗಳೇ.

ಕಳಿಸುವವರ ಲೆಕ್ಕದ ತಂತ್ರಾಂಶವನ್ನು ಸರಿಪಡಿಸಿದ ದಿನವೇ ಆ ವಿಳಾಸವನ್ನು ವಿನಾಯಿತಿಯಿಂದ ತೆಗೆಯಿರಿ. ಯಾರಿಗಾಗಿ, ಯಾವ ತಾರೀಕಿನಂದು ಸೇರಿಸಿದ್ದೆಂದು ಅದರ ಮೇಲಿನ ಸಾಲಿನಲ್ಲೇ ಬರೆದಿಟ್ಟಿದ್ದೇನೆ, ನೀವೂ ಬರೆದಿಡಿ.