‘ಬಿಬಿ’ ಅಂದರೆ ಬೇಬಿ ಅಲ್ಲ: ನಮ್ಮ ಆಡಿಯೋ ಪಟ್ಟಿ ಕೊನೆಗೂ ಕೆಲಸಕ್ಕೆ ಬಂತು

“ಈ ಎಬಿಸಿಡಿ ನಮ್ಮ ಅಕ್ಕಾರಿಗೆ ಯಾಕ್ರಿ?” ಅಂತ, ಗಿರಾಕಿಗಳು ಮೆಸೇಜಿನಲ್ಲಿ ಬಳಸುವ ಇಂಗ್ಲಿಷ್ ಚುಟುಕಕ್ಷರಗಳ ಪಟ್ಟಿ ಮಾಡಲು ಹೊರಟಾಗ ಜೊತೆಗಿನ ಕಾರ್ಯಕರ್ತರೇ ನಕ್ಕಿದ್ದರು. ಬೆಳಗಾವಿ, ಗೋಕಾಕ, ಅಥಣಿ ಕಡೆ ಲೈಂಗಿಕ ಕಾರ್ಯಕರ್ತೆಯರ ಜೊತೆ ಫೀಲ್ಡ್ ಮಾಡುವವರಿಗೆ ಗೊತ್ತೇ ಇದೆ, ಗಿರಾಕಿ ಬಸ್‌ಸ್ಟ್ಯಾಂಡ್ ಬಿಟ್ಟು ಮೊಬೈಲಿಗೆ ಬಂದಾನೆ. ಬರುವಾಗ ಅಮೆರಿಕದ ಎಸ್ಕಾರ್ಟ್ ಸೈಟುಗಳ ಅರೆಬರೆ ಭಾಷೆಯನ್ನೂ ಹೊತ್ತು ತಂದಾನೆ. ‘ಬಿಬಿ ಓಕೆ?’ ಅಂತ ಮೆಸೇಜು. ಬೇಬಿ ಅನ್ನಾಕತ್ತಾನ ಅಂದುಕೊಂಡು ಈ ಕಡೆಯಿಂದ ‘ಓಕೆ’. ಬಿಬಿ ಅಂದರೆ ಬೇರ್‌ಬ್ಯಾಕ್, ನಿರೋಧ ಇಲ್ಲದೆ. ರೂಮಿನಲ್ಲಿ ಅವನು ಫೋನ್ ಹಿಡಿದು “ನೀನ ಓಕೆ ಅಂದೀಯಲ್ಲ” ಅಂತಾನೆ. ಅದೇ ಬಿಬಿಡಬ್ಲ್ಯೂ ಆದರೆ ಮೈ ತುಂಬಿಕೊಂಡ ಹೆಂಗಸು ಅಂತಷ್ಟೇ. ಒಂದಕ್ಷರಕ್ಕೆ ಇಷ್ಟು ಫರಕು.

ಮೊದಲ ಸಲ ಅರವತ್ತು ಚಿಲ್ಲರೆ ಶಬ್ದಗಳನ್ನು ಎ ಇಂದ ಝಡ್‌ವರೆಗೆ ಜೋಡಿಸಿ, ಖಡೇ ಬಜಾರದಲ್ಲಿ ಪ್ರಿಂಟ್ ಹಾಕಿಸಿ ಲ್ಯಾಮಿನೇಷನ್ ಮಾಡಿಸಿದ್ದೆವು. ಸುಮಾರು 3,000 ರೂಪಾಯಿ ನೀರಿಗೆ ಹೋಯಿತು. ಮನೆಯಲ್ಲಿ ಮಕ್ಕಳ ಕೈಗೆ ಸಿಕ್ಕರೆ ಏನು ಗತಿ ಅಂತ ಯಾರೂ ಒಯ್ಯಲಿಲ್ಲ. ಆಮೇಲೆ ವಾಟ್ಸಾಪಿನಲ್ಲಿ ಪಿಡಿಎಫ್. ಓದಲು ಬಾರದವರಿಗೆ ಅದು ಚಿತ್ರವಷ್ಟೇ, ಓದು ಬರುವವರಿಗೂ ಗಿರಾಕಿ ಲೈನಿನಲ್ಲಿದ್ದಾಗ ಹುಡುಕುವಷ್ಟು ಪುರುಸೊತ್ತು ಇರಲಿಲ್ಲ. ಮೂರನೆಯದು ಆಡಿಯೋ. ಮೊದಲು ಆಕಾಶವಾಣಿ ವಾರ್ತೆಯ ಕನ್ನಡದಲ್ಲಿ ಓದಿಸಿದ್ದು ನಮ್ಮದೇ ತಪ್ಪು, ಕೇಳಿದವರು ನಗುವುದರಲ್ಲೇ ಮುಗಿಯಿತು. ಗೋಕಾಕದ ಅಕ್ಕ ಒಬ್ಬರ ದನಿಯಲ್ಲಿ ಮತ್ತೆ ಮಾಡಿದೆವು. ಹನ್ನೆರಡು ತುಣುಕು, ಒಂದೊಂದು 15–20 ಸೆಕೆಂಡು. ಮೊಬೈಲಿನಲ್ಲೇ ರೆಕಾರ್ಡು, ಅಕ್ಕನ ದಿನಗೂಲಿ 500 ಬಿಟ್ಟರೆ ಖರ್ಚಿಲ್ಲ. ಫೈಲುಗಳನ್ನು ಯಾವ ಹೆಸರಿನಲ್ಲಿ ಇಟ್ಟರೆ ಮನೆಯವರು ಮುಟ್ಟುವುದಿಲ್ಲ ಅನ್ನುವುದೇ ಇದರ ಗುಟ್ಟು, ಅದನ್ನು ಇಲ್ಲಿ ಬರೆಯಂಗಿಲ್ಲ. ಎದುರು ಸಿಕ್ಕರೆ ಹೇಳೇನು.

ಕೆಲಸಕ್ಕೆ ಬಂದದ್ದು ಜೋಡಣೆ ಬದಲಿಸಿದಾಗ. ಅರ್ಥ ಹೇಳುವುದು ಬಿಟ್ಟು, ಏನು ಉತ್ತರ ಕೊಡಬೇಕು ಅನ್ನುವುದರ ಮೇಲೆ ಮೂರು ಗುಂಪು ಮಾಡಿದೆವು.

ಮೊದಲನೆಯದು ‘ಬ್ಯಾಡ ಅನ್ನು’. ಬಿಬಿ, ಬಿಬಿಎಫ್‌ಎಸ್ (ನಿರೋಧ ಇಲ್ಲದೆ ಪೂರ್ತಿ ಸಂಭೋಗ), ಒಡಬ್ಲ್ಯೂಒ ಎಲ್ಲ ಇಲ್ಲಿ. ಒಡಬ್ಲ್ಯೂಒ ಇಂಗ್ಲೆಂಡ್ ಕಡೆಯದು, ಅಮೆರಿಕದಲ್ಲಿ ಅದಕ್ಕೇ ಬಿಬಿಬಿಜೆ ಅಂತಾರೆ; ಎರಡೂ ನಿರೋಧ ಇಲ್ಲದ ಬಾಯಿಯ ಕೆಲಸವೇ. ಡಿಡಿಎಫ್ ಅನ್ನುವುದನ್ನೂ ಇಲ್ಲೇ ಹಾಕಿದೆವು. ‘ರೋಗವೂ ಇಲ್ಲ, ನಶೆಯೂ ಇಲ್ಲ’ ಅಂತ ಅವನೇ ಕೊಟ್ಟುಕೊಂಡ ಸರ್ಟಿಫಿಕೇಟು ಅದು. ಎಚ್‌ಐವಿ ಸೋಂಕು ತಗಲಿದ ಮೇಲೆ ರ‍್ಯಾಪಿಡ್ ಟೆಸ್ಟಿನಲ್ಲಿ ಕಾಣಿಸಲು ಮೂರು ತಿಂಗಳವರೆಗೂ ಹಿಡಿಯಬಹುದು, ಹಾಗಾಗಿ ನಿನ್ನೆಯ ರಿಪೋರ್ಟು ತೋರಿಸಿದರೂ ಉತ್ತರ ಒಂದೇ. ನಿರೋಧ ಹರಿದರೆ, ಎಚ್‌ಐವಿ ಸೋಂಕು ತಡೆಯುವ ಪಿಇಪಿ ಗುಳಿಗೆ 72 ಗಂಟೆಯೊಳಗೆ ಶುರುವಾಗಬೇಕು, 28 ದಿನ ಬಿಡದೆ ನುಂಗಬೇಕು. ಇದನ್ನೂ ಅದೇ ತುಣುಕಿಗೆ ಸೇರಿಸಿದ್ದೇವೆ.

ಎರಡನೆಯದು ‘ಬಿಡಿಸಿ ಕೇಳು’. ಇದರಲ್ಲೇ ದುಡ್ಡಿನ ಜಗಳ ಜಾಸ್ತಿ. ಜಿಎಫ್‌ಇ ಅಂದರೆ ಗೆಳತಿಯ ಹಾಗೆ ಇರುವುದು. ಒಬ್ಬನಿಗೆ ಅದು ಮಾತುಕತೆ, ಊಟ, ಇನ್ನೊಬ್ಬನಿಗೆ ನಿರೋಧ ಬೇಡ ಅನ್ನುವ ಲೈಸೆನ್ಸು. ಎಂಎಸ್‌ಒಜಿ ಅಂದರೆ ಗೊತ್ತಾದ ಹೊತ್ತಿನೊಳಗೆ ಎಷ್ಟು ಸಲವಾದರೂ ಸರಿ. ನಮ್ಮಲ್ಲಿ ಶಾಟ್, ಅಂದರೆ ಒಂದೊಂದು ಸಲದ ಲೆಕ್ಕದಲ್ಲಿ ರೇಟು, ಅಮೆರಿಕದ ಕಡೆ ಗಂಟೆ ಲೆಕ್ಕ. ಆ ಶಬ್ದಕ್ಕೆ ಹೂಂ ಅಂದರೆ ಒಂದರ ದುಡ್ಡಿಗೆ ಮೂರು ಕೇಳ್ತಾನೆ. ಎಚ್‌ಎಚ್ ಅರ್ಧ ಗಂಟೆ.

ಮೂರನೆಯದು ‘ಬ್ಲಾಕ್’. ಅಡ್ವಾನ್ಸ್ ಹಾಕ್ತೀನಿ, ಪಿನ್ ಒತ್ತು ಅನ್ನುವವರಿಗೆ ಇದು ಮೀಸಲು. ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಬೇಕಿಲ್ಲ. ದುಡ್ಡು ಆಗಲೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನು.

ಈ ಎಲ್ಲದರ ಮೇಲೆ ಒಂದೇ ನಿಯಮ: ಅಕ್ಷರಕ್ಕ ಓಕೆ ಅನ್ನಬ್ಯಾಡ. ‘ನಿರೋಧ ಬೇಕ ಬೇಕು, ಇಷ್ಟ ಹೊತ್ತು, ಇಷ್ಟ ರೊಕ್ಕ’ ಅಂತ ಒಂದು ಸಿದ್ಧ ಮೆಸೇಜು, ಅದಷ್ಟೇ ಹೋಗಬೇಕು.

ಅಮೆರಿಕದ ಆ ಸೈಟುಗಳ ಶಿಷ್ಟಾಚಾರವನ್ನೂ ಕಲಿಸಲು ಹೋಗಿ ಕೈ ಸುಟ್ಟುಕೊಂಡೆವು. ಅಮೆರಿಕದ ಬಹುತೇಕ ಕಡೆ ಈ ವ್ಯವಹಾರವೇ ಅಪರಾಧ. ಅದಕ್ಕೇ ಡಾಲರಿಗೆ ‘ರೋಸಸ್’, ರೇಟಿಗೆ ‘ಡೊನೇಷನ್’, ಪೊಲೀಸರಿಗೆ ‘ಎಲ್‌ಇ’. ಬಾಯಿಬಿಟ್ಟು ರೇಟು ಕೇಳಬಾರದು, ಹೇಳದೆ ಲಕೋಟೆ ಕಣ್ಣಿಗೆ ಬೀಳುವ ಕಡೆ ಇಡಬೇಕು ಅಂತೆಲ್ಲ ಪದ್ಧತಿ. ನಮ್ಮಲ್ಲಿ ಮೊದಲೇ ರೇಟು ಬಿಡಿಸಿ ಹೇಳದಿದ್ದರೆ ಕೊನೆಗೆ ಅರ್ಧ ಕೊಟ್ಟು ಎದ್ದು ಹೋಗ್ತಾರೆ. ಆ ತುಣುಕನ್ನೇ ಅಳಿಸಿದೆವು. ಅಲ್ಲಿಂದ ಉಳಿಸಿಕೊಂಡದ್ದು ಒಂದೇ, ಎನ್‌ಸಿಎನ್‌ಎಸ್. ಫೋನೂ ಮಾಡದೆ, ಬರದೆಯೂ ಕೈಕೊಡುವುದಕ್ಕೆ ಹಾಗಂತಾರೆ; ಅಂಥವನ ನಂಬರನ್ನು ಬೇರೆ ಅಕ್ಕಂದಿರಿಗೂ ತಿಳಿಸುವ ರೂಢಿ. ಅದನ್ನು ಹೇಗೆ ನಡೆಸುತ್ತೇವೆ ಅನ್ನುವುದು ನಮ್ಮೊಳಗೇ ಇರಲಿ.

ನಡುವೆ ಸ್ಟಿಕರ್ ಹುಚ್ಚು ಹತ್ತಿತ್ತು. ನಿರೋಧದ ಬದಲು ಛತ್ರಿಯ ಚಿತ್ರ ಕಳಿಸುವುದು. ಗಿರಾಕಿಯಿಂದ ಉತ್ತರ ಬಂತು: “ಮಳಿ ಎಲ್ಲೈತಿ?” ಎರಡು ವಾರಕ್ಕೆ ಬಿಟ್ಟೆವು.

ಸ್ಮಾರ್ಟ್‌ಫೋನ್ ಇರುವ ಮೂವತ್ತರ ಸುಮಾರು ಅಕ್ಕಂದಿರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಎಂಟು ತಿಂಗಳ ಮೇಲೂ ಬಳಸುತ್ತಿದ್ದಾರೆ. ನಕ್ಕವರೇ ಈಗ ಫೈಲು ಕೇಳುತ್ತಾರೆ, ಕೊಡುತ್ತೇವೆ. ನಿಪ್ಪಾಣಿ ಕಡೆಗೆ ಮರಾಠಿಯದು ನಡೆದಿದೆ, ಏಳು ತುಣುಕು ಆಗಿವೆ. ಜಿಎಫ್‌ಇಗೆ ಒಪ್ಪುವ ಮರಾಠಿ ಮಾತು ಇನ್ನೂ ಸಿಕ್ಕಿಲ್ಲ.