ಹೈಸ್ಕೂಲಿನಲ್ಲಿ ಮಿಶ್ರ ಕಲಿಕೆ: ಒಂದು ತರಗತಿ, ಒಂದು ಪಾಠದಿಂದ ಶುರು ಮಾಡಿ

ಟ್ಯಾಬ್, ಪ್ರೊಜೆಕ್ಟರ್ ಶಾಲೆಗೆ ಬಂದಿಳಿದ ದಿನವೇ ಎಲ್ಲ ತರಗತಿಗೂ ಹಂಚಿಬಿಡುವ ಆಸೆ ಸಹಜ. ದಯವಿಟ್ಟು ಬೇಡ. ಮೈಸೂರು, ಮಂಡ್ಯ ಸೀಮೆಯ ಪ್ರೌಢಶಾಲೆಯೊಂದರಲ್ಲಿ 45 ಮಕ್ಕಳ ತರಗತಿ, 40 ನಿಮಿಷದ ಪೀರಿಯಡ್, ಹೋಗಿ ಬರುವ ಕರೆಂಟು ಎಂದು ಲೆಕ್ಕ ಹಿಡಿಯೋಣ. ಇಷ್ಟರಲ್ಲಿ ನಿಭಾಯಿಸಲಾಗುವುದು ಒಂದು ತರಗತಿ, ಒಂದು ವಿಷಯ, ಒಂದು ಪಾಠ. ಜೂನ್ ತಿಂಗಳು ದಾಖಲಾತಿ, ಪುಸ್ತಕ ವಿತರಣೆ, ಸೇತುಬಂಧದಲ್ಲೇ (ಹಿಂದಿನ ತರಗತಿಯ ಪಾಠ ನೆನಪಿಸುವ ಕಲಿಕೆ) ಕಳೆದುಹೋಗುತ್ತದೆ. ಜುಲೈನಲ್ಲಿ ಕೈಹಾಕಿ.

ಮಿಶ್ರ ಕಲಿಕೆ ಅಂದರೆ ಪರದೆಯ ಪಾಠವನ್ನೂ ಶಿಕ್ಷಕರ ಪಾಠವನ್ನೂ ಬೆರೆಸುವುದು. ವಿಡಿಯೊ ಹಾಕಿ ಮಕ್ಕಳನ್ನು ಸುಮ್ಮನೆ ಕೂರಿಸುವುದು ಮಿಶ್ರ ಕಲಿಕೆಯಲ್ಲ. ಯಂತ್ರ ತೋರಿಸಬಲ್ಲದ್ದನ್ನು ಯಂತ್ರ ತೋರಿಸಲಿ. ಆ ಹೊತ್ತಿನಲ್ಲಿ ನೀವು ಹದಿನೈದು ಮಕ್ಕಳ ಪಕ್ಕ ಕೂತು, ಯಾರ ನೋಟ್‌ಬುಕ್ಕಿನಲ್ಲಿ ಎಲ್ಲಿ ತೊಡಕಾಗಿದೆ ಎಂದು ನೋಡಿ. ಇಡೀ ಏರ್ಪಾಡು ಇರುವುದೇ ಈ ಇಪ್ಪತ್ತು ನಿಮಿಷವನ್ನು ಗಳಿಸುವುದಕ್ಕೆ.

ನೆಟ್ ಇಲ್ಲದೆ ನಡೆಯುವ ಹಾಗೆ ಕಟ್ಟಿ

ಬೇಕಾದದ್ದು 8 ಜಿಬಿ ರ‍್ಯಾಮ್ ಇರುವ ಒಂದು ಲ್ಯಾಪ್‌ಟಾಪ್, ಒಂದು ವೈಫೈ ರೂಟರ್, ಎಂಟು ಟ್ಯಾಬ್. ರೂಟರಿಗೆ ಇಂಟರ್ನೆಟ್ ಸಂಪರ್ಕವೇ ಬೇಡ. ಕೊಲಿಬ್ರಿ ಎಂಬ ಉಚಿತ ತಂತ್ರಾಂಶವನ್ನು ಲ್ಯಾಪ್‌ಟಾಪಿಗೆ ಹಾಕಿದರೆ ಅದೇ ಶಾಲೆಯ ಪುಟ್ಟ ಸರ್ವರ್ ಆಗುತ್ತದೆ. ಖಾನ್ ಅಕಾಡೆಮಿಯ ಪಾಠಗಳು, ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಷನ್‌ಗಳು (ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗಗಳು) ಅದರಲ್ಲಿ ಸಿಗುತ್ತವೆ. ನೆಟ್ ಚೆನ್ನಾಗಿರುವ ಕಡೆ ಕೂತು, ಈ ತಿಂಗಳ ಪಾಠಕ್ಕೆ ಬೇಕಾದಷ್ಟನ್ನು ಮಾತ್ರ ಇಳಿಸಿಕೊಳ್ಳಿ. ಇಡೀ ಚಾನೆಲ್ (ಒಂದು ಮೂಲದ ಪಾಠಗಳ ಪೂರ್ತಿ ಕಂತೆ) ಇಳಿಸಹೋದರೆ ಡಿಸ್ಕ್ ತುಂಬುತ್ತದೆ, ರಾತ್ರಿಯೂ ಕಳೆಯುತ್ತದೆ. ಒಬ್ಬರು ಇಳಿಸಿದ್ದನ್ನು ಪೆನ್‌ಡ್ರೈವ್‌ನಲ್ಲಿ ಪಕ್ಕದ ಶಾಲೆಗೂ ಕೊಡಬಹುದು.

ಲ್ಯಾಪ್‌ಟಾಪನ್ನು ರೂಟರಿಗೆ ಲ್ಯಾನ್ ಕೇಬಲ್‌ನಿಂದ ಜೋಡಿಸಿ. ರೂಟರಿನ ಸೆಟ್ಟಿಂಗಿನಲ್ಲಿ ಲ್ಯಾಪ್‌ಟಾಪಿಗೆ ಒಂದು ಐಪಿ ವಿಳಾಸವನ್ನು (ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಕಾಯಂ ಮಾಡಿ, ಉದಾಹರಣೆಗೆ 192.168.0.10. ಟ್ಯಾಬ್‌ನ ಬ್ರೌಸರಿನಲ್ಲಿ 192.168.0.10:8080 ಎಂದು ಒತ್ತಿದರೆ ಪುಟ ತೆರೆಯಬೇಕು. ಈ ವಿಳಾಸವನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿಡಿ.

ತೆರೆಯದಿದ್ದರೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಕಾರಣ. ವಿಂಡೋಸ್ ಫೈರ್‌ವಾಲ್ ಕೊಲಿಬ್ರಿಯನ್ನು ತಡೆದಿರುತ್ತದೆ. ಖಾಸಗಿ ನೆಟ್‌ವರ್ಕಿಗೆ ಅನುಮತಿ ಕೊಡಿ. ಲ್ಯಾಪ್‌ಟಾಪ್ ಹತ್ತು ನಿಮಿಷಕ್ಕೆ ನಿದ್ದೆಗೆ ಜಾರಿರುತ್ತದೆ. ಪವರ್ ಸೆಟ್ಟಿಂಗಿನಲ್ಲಿ ಅದನ್ನು ನಿಲ್ಲಿಸಿ. ಮೂರನೆಯದು ಬಹಳ ಮಂದಿಯನ್ನು ದಿಕ್ಕು ತಪ್ಪಿಸುತ್ತದೆ: ಈ ವೈಫೈಯಲ್ಲಿ ಇಂಟರ್ನೆಟ್ ಇಲ್ಲ ಎಂದು ಆಂಡ್ರಾಯ್ಡ್ ತಾನಾಗಿಯೇ ಸಂಪರ್ಕ ಬಿಟ್ಟಿರುತ್ತದೆ. ಹಾಗೆ ಕೇಳಿದಾಗ ‘ಸಂಪರ್ಕದಲ್ಲೇ ಇರಲಿ’ ಎಂಬುದನ್ನು ಆರಿಸಿ.

ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ತರಗತಿಯಲ್ಲೇ ಸ್ಕ್ಯಾನ್ ಮಾಡಿಸಲು ಹೋದರೆ ಪೀರಿಯಡ್ ಮುಗಿದೇಹೋಗುತ್ತದೆ. ಆ ಪಾಠಗಳನ್ನು ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದಲ್ಲಿ ಹಿಂದಿನ ದಿನವೇ ಇಳಿಸಿಟ್ಟುಕೊಳ್ಳಿ.

ಕರೆಂಟಿನ ಲೆಕ್ಕ

ಲ್ಯಾಪ್‌ಟಾಪಿಗೆ ಅದರದೇ ಬ್ಯಾಟರಿ ಇದೆ. ಕರೆಂಟು ಹೋದ ಕೂಡಲೇ ಸಾಯುವುದು ರೂಟರ್. ಅದು ಎಳೆಯುವುದು 10 ವಾಟ್ ಆಸುಪಾಸು, ಆದ್ದರಿಂದ ಒಂದು ಸಣ್ಣ ಯುಪಿಎಸ್ ಸಾಕು. ಅದೇ ಯುಪಿಎಸ್‌ಗೆ ಪ್ರೊಜೆಕ್ಟರ್ ಸಿಕ್ಕಿಸಬೇಡಿ. 600 ವಿಎ ಯುಪಿಎಸ್‌ನೊಳಗೆ ಸಾಮಾನ್ಯವಾಗಿ ಇರುವುದು 12 ವೋಲ್ಟ್, 7 ಆ್ಯಂಪಿಯರ್-ಅವರ್ ಬ್ಯಾಟರಿ, ಅಂದರೆ 84 ವಾಟ್-ಅವರ್. 250 ವಾಟಿನ ದೀಪದ ಪ್ರೊಜೆಕ್ಟರನ್ನು ಅದು ಹತ್ತು ನಿಮಿಷ ಹೊತ್ತರೆ ಹೆಚ್ಚು. ಕರೆಂಟು ಹಠಾತ್ತಾಗಿ ಹೋದಾಗ ಪ್ರೊಜೆಕ್ಟರಿನ ಫ್ಯಾನೂ ನಿಂತು ಬಿಸಿ ಒಳಗೇ ಉಳಿಯುತ್ತದೆ, ದೀಪದ ಆಯಸ್ಸು ಕಡಿಮೆಯಾಗುತ್ತದೆ. ಕರೆಂಟಿನ ಭರವಸೆ ಇಲ್ಲದ ಶಾಲೆ ಎಲ್‌ಇಡಿ ಪ್ರೊಜೆಕ್ಟರ್ ಕೊಳ್ಳುವುದೇ ಮೇಲು. ಪ್ರೊಜೆಕ್ಟರಿನ ಗಾಳಿ ಫಿಲ್ಟರ್‌ಗೆ ಸೀಮೆಸುಣ್ಣದ ಪುಡಿ ಮೆತ್ತಿಕೊಳ್ಳುತ್ತದೆ. ಹದಿನೈದು ದಿನಕ್ಕೊಮ್ಮೆ ಒಣ ಬ್ರಷ್‌ನಿಂದ ಸ್ವಚ್ಛ ಮಾಡಿ.

ಪರದೆಯ ಮೇಲಿನ ಕನ್ನಡವನ್ನು ಇಂಗ್ಲಿಷಿಗಿಂತ ದೊಡ್ಡದಾಗಿ ಹಾಕಿ. ಒತ್ತಕ್ಷರಗಳು ಕೊನೆಯ ಬೆಂಚಿಗೆ ಕಲಸಿಹೋದಂತೆ ಕಾಣುತ್ತವೆ. ‘ರಾಷ್ಟ್ರ’ ಎಂದು ಬರೆದು, ಹಿಂದೆ ಹೋಗಿ ನಿಂತು ನೀವೇ ಓದಿ ನೋಡಿ.

ಪಾಠ ನಡೆಸುವ ಬಗೆ

ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠವನ್ನೇ ತೆಗೆದುಕೊಳ್ಳಿ. ಸರಣಿಯಲ್ಲಿ (ಒಂದರ ಹಿಂದೆ ಒಂದರಂತೆ) ಎರಡು ಬಲ್ಬ್ ಇದ್ದರೆ ಮೊದಲನೆಯದು ಸ್ವಲ್ಪ ಕರೆಂಟನ್ನು ತಿಂದು ಮಿಕ್ಕದ್ದನ್ನು ಮುಂದಕ್ಕೆ ಬಿಡುತ್ತದೆ ಎಂಬ ನಂಬಿಕೆ ಬಹಳ ಮಕ್ಕಳಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಸೂತ್ರ ಬಾಯಿಪಾಠ ಮಾಡಿದರೂ ಅದು ಕದಲುವುದಿಲ್ಲ.

ವೇಳಾಪಟ್ಟಿಯಲ್ಲಿ ಜೋಡಿ ಪೀರಿಯಡ್ ಕೇಳಿ ಪಡೆಯಿರಿ, 80 ನಿಮಿಷ. ಸೂಚನೆಗೆ 5, ಮೂರು ಸುತ್ತಿಗೆ ತಲಾ 23, ಕೊನೆಗೆ 6. 45 ಮಕ್ಕಳನ್ನು ಹದಿನೈದರಂತೆ ಮೂರು ಗುಂಪು ಮಾಡಿ, ಅಂಕ ನೋಡಿ ವಿಂಗಡಿಸಬೇಡಿ. ಪ್ರತಿ ಸುತ್ತಿಗೆ ಗುಂಪುಗಳು ಮೂರು ಮೇಜುಗಳ ನಡುವೆ ಜಾಗ ಬದಲಿಸಲಿ. ಟ್ಯಾಬ್ ಮೇಜಿನಲ್ಲಿ ಆರು ಜೋಡಿ, ಒಂದು ಮೂವರ ತಂಡ. ಎಂಟನೆಯ ಟ್ಯಾಬ್ ಕೈಕೊಟ್ಟದ್ದರ ಬದಲಿಗೆ. ಮೂವರು ಕೂತಲ್ಲಿ ಒಬ್ಬರು ನೋಡುಗರಾಗಿಬಿಡುತ್ತಾರೆ, ಹಾಗಾಗಿ ಏಳು ನಿಮಿಷಕ್ಕೊಮ್ಮೆ ಕೈ ಬದಲಿಸಿ.

ಮೊದಲ ಮೇಜಿನಲ್ಲಿ ಫೆಟ್‌ನ ಡಿಸಿ (ನೇರ ಪ್ರವಾಹ) ವಿದ್ಯುತ್ ಮಂಡಲದ ಸಿಮ್ಯುಲೇಷನ್. ಟ್ಯಾಬ್ ಮುಟ್ಟುವ ಮೊದಲು ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಕಾಗದದಲ್ಲಿ ಬರೆಯಲೇಬೇಕು. ಬರೆಯದಿದ್ದರೆ ಕಂಡದ್ದನ್ನೇ ‘ನಂಗೆ ಮೊದಲೇ ಗೊತ್ತಿತ್ತು’ ಅನ್ನುತ್ತಾರೆ. ಆಮೇಲೆ ಬಲ್ಬಿನ ಹಿಂದೆ, ನಡುವೆ, ಮುಂದೆ ಅಮ್ಮೀಟರ್ ಇಟ್ಟು ಓದಲಿ. ಮೂರೂ ಕಡೆ ಒಂದೇ ಅಂಕಿ.

ಎರಡನೇ ಮೇಜಿನಲ್ಲಿ ನಿಜವಾದ ಮಂಡಲ. ಪ್ರತಿ ಐವರಿಗೆ 1.5 ವೋಲ್ಟಿನ ಎರಡು ಸೆಲ್, 2.5 ವೋಲ್ಟಿನ ಎರಡು ಟಾರ್ಚ್ ಬಲ್ಬ್, ಹೋಲ್ಡರ್, ವೈರು, ಸ್ವಿಚ್. ಎಡವುವುದು ಇಲ್ಲೇ. ಎರಡು ಬಲ್ಬಿನ ತಂತುಗಳು ಒಂದೇ ಸಮ ಇರುವುದು ಅಪರೂಪ. ಸರಣಿಯಲ್ಲಿ ಒಂದು ಹೆಚ್ಚು ಬೆಳಗಿದರೆ ‘ನೋಡಿ ಸಾರ್, ಮೊದಲನೇದು ತಿನ್ತಾ ಇದೆ’ ಎಂಬ ಹಳೇ ನಂಬಿಕೆ ಮತ್ತೆ ತಲೆ ಎತ್ತುತ್ತದೆ. ಆಗ ವಿವರಣೆಗಿಳಿಯದೆ, ಬಲ್ಬುಗಳ ಜಾಗ ಅದಲುಬದಲು ಮಾಡಿಸಿ. ಹೆಚ್ಚು ಬೆಳಗುತ್ತಿದ್ದ ಬಲ್ಬ್ ಎರಡನೇ ಜಾಗಕ್ಕೆ ಹೋದರೂ ಹೆಚ್ಚೇ ಬೆಳಗುತ್ತದೆ. ಆ ಕ್ಷಣದಲ್ಲಿ ಮಕ್ಕಳ ಮುಖ ನೋಡಬೇಕು. ಇನ್ನೊಂದು: ಸೆಲ್ ಹಳೆಯದಾಗಿದ್ದರೆ ಸಮಾಂತರ ಜೋಡಣೆಯಲ್ಲೂ ಬೆಳಕು ಮಂಕಾಗುತ್ತದೆ. ಸೆಲ್ಲಿನ ಆಂತರಿಕ ರೋಧ ಏರಿರುವುದೇ ಕಾರಣ. ಟ್ಯಾಬ್‌ನಲ್ಲಿ ನೀವಾಗಿ ಹೆಚ್ಚಿಸದ ಹೊರತು ಆ ರೋಧ ಸೊನ್ನೆ, ಹಾಗಾಗಿ ಎರಡೂ ಮೇಜಿನ ಫಲಿತಾಂಶ ತಾಳೆಯಾಗುವುದಿಲ್ಲ. ಹೊಸ ಸೆಲ್ ಹಾಕಿ.

ಮೂರನೇ ಮೇಜು ನಿಮ್ಮದು. ಪ್ರತಿಯೊಬ್ಬರೂ ಮಂಡಲ ಚಿತ್ರ ಬರೆದು ಒಂದು ಲೆಕ್ಕ ಮಾಡಲಿ. ಕೊನೆಯ 6 ನಿಮಿಷದಲ್ಲಿ ಚೀಟಿಯಲ್ಲಿ ಒಂದೇ ಪ್ರಶ್ನೆ: ಎರಡನೇ ಬಲ್ಬಿನಲ್ಲಿ ಪ್ರವಾಹ ಕಡಿಮೆಯೋ, ಅಷ್ಟೆಯೋ, ಹೆಚ್ಚೋ? ಯಾಕೆ? ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಚೀಟಿ ತಪ್ಪಿದ್ದರೆ ಮರುದಿನ ಕಪ್ಪುಹಲಗೆಯ ಮೇಲೆ ಮತ್ತೆ ಹೇಳಿ, ಆಮೇಲೆ ಮುಂದಕ್ಕೆ ಹೋಗಿ. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಅಂಕಕ್ಕೆ ಈ ಚೀಟಿಗಳನ್ನು ಸೇರಿಸಬೇಡಿ. ಸೇರಿಸಿದರೆ ಮಕ್ಕಳು ಪಕ್ಕದವರದನ್ನು ನಕಲು ಮಾಡುತ್ತಾರೆ, ನಿಮಗೆ ನಿಜ ತಿಳಿಯುವುದಿಲ್ಲ.

ಮನೆಯ ಮೊಬೈಲನ್ನು ನಂಬಬೇಡಿ

ವಿಡಿಯೊ ನೋಡಿಕೊಂಡು ಬನ್ನಿ ಎಂಬ ಮನೆಗೆಲಸವನ್ನು ಕಡ್ಡಾಯ ಮಾಡಬೇಡಿ. ಮನೆಗೊಂದೇ ಫೋನ್ ಇದ್ದು ಅದು ಅಪ್ಪನ ಜೇಬಿನಲ್ಲಿ ಗದ್ದೆಗೋ ಕೆಲಸಕ್ಕೋ ಹೋಗಿದ್ದರೆ, ಕೈಗೆ ಸಿಗುವುದು ರಾತ್ರಿ ಎಂಟಕ್ಕೆ. ಹೆಣ್ಣುಮಕ್ಕಳಿಗೆ ಫೋನ್ ಕೊಡದ ಮನೆಗಳೂ ಇವೆ. ನೋಡಲಾಗದ ಮಗು ಮರುದಿನ ತಲೆ ತಗ್ಗಿಸಿ ಕೂರುತ್ತದೆ, ಅದಕ್ಕೆ ನಾವು ಕಾರಣರಾಗಬಾರದು. ಬದಲಿಗೆ ವಾರಕ್ಕೆ ಎರಡು ದಿನ ಬಿಸಿಯೂಟದ ಬಿಡುವಿನಲ್ಲಿ ಟ್ಯಾಬ್ ಕೊಡಿ. ಸಂಜೆ ಇಟ್ಟುಕೊಂಡರೆ ಬಸ್ಸಿನಲ್ಲಿ ಹೋಗುವ ಮಕ್ಕಳಿಗೆ ತಪ್ಪಿಹೋಗುತ್ತದೆ.

ಏಪ್ರಿಲ್‌ನಲ್ಲಿ ಬಾಗಿಲು ಹಾಕುವ ಮೊದಲು ಟ್ಯಾಬ್‌ಗಳನ್ನು ಅರ್ಧ ಚಾರ್ಜಿನಲ್ಲಿ ಸ್ವಿಚ್ ಆಫ್ ಮಾಡಿ, ಬಿಸಿಲು ತಾಗದ ಬೀರುವಿನಲ್ಲಿಡಿ. ಪೂರ್ತಿ ಖಾಲಿಯಾಗಿಟ್ಟ ಬ್ಯಾಟರಿ ಎರಡು ತಿಂಗಳ ಬೇಸಿಗೆ ಕಳೆದ ಮೇಲೆ ಚಾರ್ಜ್ ಹಿಡಿಯದೆ ಹೋಗಬಹುದು. ಬ್ಯಾಟರಿ ಊದಿ ಹಿಂಬದಿ ಎದ್ದ ಟ್ಯಾಬ್ ಕಂಡರೆ ಚಾರ್ಜಿಗೆ ಹಾಕಲೇಬೇಡಿ, ಮಕ್ಕಳ ಕೈಗೆ ಸಿಗದಂತೆ ಬೇರೆ ಇಡಿ.